ಭದ್ರಾವತಿಯ ನೂರು ವರ್ಷ ಯಾರದ್ದು?

ಭದ್ರಾವತಿ ಅಂದ ತಕ್ಷಣ "ವಿಶ್ವೇಶ್ವರಯ್ಯನವರು ಕಟ್ಟಿದ ಊರು" ಅಂತ ಜನ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆದರೆ ಅವರ ಕಬ್ಬಿಣದ ಕಾರ್ಖಾನೆಗೂ ಎಷ್ಟೋ ಮೊದಲೇ ಇಲ್ಲಿ ಬೆಂಕಿಪುರ ಅನ್ನೋ ಊರಿತ್ತು. ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು.

ಇವತ್ತಿನ ಪಟ್ಟಣ ಬೆಳೆದದ್ದು ಮಾತ್ರ ಕಬ್ಬಿಣದಿಂದಲೇ. ಕೆಮ್ಮಣ್ಣುಗುಂಡಿಯಲ್ಲಿ ಅದಿರು, ಸುತ್ತ ಕಾಡು, ಪಕ್ಕದಲ್ಲೇ ಭದ್ರಾ ಹೊಳೆ, ಬೀರೂರು-ಶಿವಮೊಗ್ಗ ರೈಲು, ಎಲ್ಲಾ ಇತ್ತು. ಕಲ್ಲಿದ್ದಲು ಇರಲಿಲ್ಲ. ಅದಕ್ಕೇ ಸೌದೆಯಿಂದ ಇದ್ದಿಲು ಮಾಡಿ ಕುಲುಮೆ ಉರಿಸಿದರು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಸುಮ್ನೆ ಬಿಡದೆ ತಣಿಸಿ, ಅದರಿಂದ ಟಾರು, ಮರದ ಆಲ್ಕೋಹಾಲ್ ತೆಗೆದರು. ಕಾರ್ಖಾನೆಗೆ ಮೊದಲಿದ್ದ ಹೆಸರೇ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. 1923ರ ಜನವರಿ 18ರಂದು ಅದು ಶುರುವಾಯಿತು. ಮೊದಮೊದಲು ನಷ್ಟವೇ. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಮತ್ತೆ ಕರೆದು ಜವಾಬ್ದಾರಿ ಕೊಟ್ಟರು, 1929ರವರೆಗೆ ಅವರೇ ನೋಡಿಕೊಂಡರು. ಅವರ ಹೆಸರು ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮರ ಕಡಿದು ಸಾಗಿಸಿದವರು, ಗುಡ್ಡದಲ್ಲಿ ಅದಿರು ಅಗೆದವರು, ಕುಲುಮೆಯ ಬಾಯಿ ತೆಗೆದಾಗ ಕೆಂಪಗೆ ಹರಿದು ಬರುವ ಕಬ್ಬಿಣದ ಪಕ್ಕ ಆ ಝಳದಲ್ಲೇ ನಿಂತು ಪಾಳಿ ಮುಗಿಸಿದವರು, ಅವರ ಹೆಸರು ಎಲ್ಲಿದೆ? ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಮನೆಗಳು ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ ಸೇರಿದ್ದರಿಂದ ತಾನೇ ಇದು ಭದ್ರಾವತಿ ಆಗಿದ್ದು, ಅಲ್ವಾ?

2023ರಲ್ಲಿ ಕಾರ್ಖಾನೆಗೆ ನೂರು ತುಂಬಿತು. ಅದೇ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ಸುದ್ದಿಯೂ ಬಂತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಆಗಸ್ಟ್‌ನಲ್ಲಿ ಅಲ್ಲಿನ ಬಾರ್ ಮಿಲ್ (ಉಕ್ಕಿನ ಸರಳು ತಯಾರಿಸುವ ವಿಭಾಗ) ಮತ್ತೆ ಓಡಿತು ಅಂತ ಓದಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಆ ವರ್ಷದ ನಿಜವಾದ ಹಬ್ಬ ಅದೇ ಅನ್ನಿಸಿತು. ಕೆಲಸ ಉಳಿಯುತ್ತೋ ಇಲ್ಲವೋ ಅಂತ ಕಾಯುತ್ತಿದ್ದ ಮನೆಯವರಿಗೆ ಶತಮಾನೋತ್ಸವದ ಹಾರ, ಶಾಲು, ಆರ್ಕೆಸ್ಟ್ರಾದಿಂದ ಏನು ಸಿಗುತ್ತೆ?

ಇಂಥ ಹಬ್ಬದಲ್ಲಿ ಭಾಷಣ ಕಮ್ಮಿ ಮಾಡಿ, ನಿವೃತ್ತರಾದ ಕೆಲಸಗಾರರ ಕೈಗೆ ಮೈಕ್ ಕೊಡಬೇಕು. ಮನೆಯ ಟ್ರಂಕಿನಲ್ಲಿರುವ ಹಳೇ ಫೋಟೋ, ಸಂಬಳದ ಚೀಟಿ, ಗೇಟ್ ಪಾಸ್ ತಂದು ತೋರಿಸಿ ಅಂತ ಕೇಳಬೇಕು. ಇದೇ ಊರಿನ ಕಾಗದದ ಕಾರ್ಖಾನೆ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ಸ್ಥಾಪನೆಯಾದದ್ದು 1936ರಲ್ಲಿ. ಅಲ್ಲಿನ ಯಂತ್ರಗಳು ನಿಂತು ವರ್ಷಗಳೇ ಆದವು, ದುಡಿದವರು ಇನ್ನೂ ಊರಲ್ಲೇ ಇದ್ದಾರೆ. ಅದರ ನೂರನೇ ವರ್ಷ ಬರುವವರೆಗೆ ಕಾಯದೆ, ಅವರ ಮಾತನ್ನು ಈಗಲೇ ಫೋನಿನಲ್ಲಾದರೂ ರೆಕಾರ್ಡ್ ಮಾಡಿಕೊಳ್ಳಿ.