ಅರದ ಗುರುತು ಉಳಿದ ರೋಡ್‌ಕಿಂಗ್

ಹಳೆಯ ಯೆಜ್ಡಿ ಬೈಕಿನ ಕಿಕ್ಕರ್ ಎಡಗಡೆ ಇದೆ. ನಾನು ಗಾಡಿ ಮಾರಿದ್ದು ಆ ಒಂದೇ ಕಾರಣಕ್ಕೆ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ. ಇಂಜಿನ್ ಎದ್ದ ಮೇಲೆ ಮತ್ತೆ ಕೆಳಗಿಳಿಸಿದರೆ ಗೇರ್. ಎರಡೂ ಎಡಗಾಲಿನ ಕೆಲಸ. ಕಳೆದ ವರ್ಷ ನನ್ನ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಎಂಟು ತಿಂಗಳು ಕಾದೆ. ಮೂರು ಸಲ ಒದ್ದರೆ ಮೂರು ದಿನ ನೋವು.

ಹತ್ತೊಂಬತ್ತು ವರ್ಷ ನನ್ನ ಬಳಿ ಇದ್ದ ಯೆಜ್ಡಿ ರೋಡ್‌ಕಿಂಗ್ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಇಂಥ ಗಾಡಿಗಳನ್ನು ಉಳಿಸಿಕೊಂಡು ಬಂದವರು ಹಳೆಯ ಮೆಕ್ಯಾನಿಕ್‌ಗಳು ಮತ್ತು ಸವಾರರು. ಆದರೆ ನಾನು ಅದನ್ನು ಇದ್ದ ಹಾಗೆಯೇ ಉಳಿಸಿಕೊಂಡವನಲ್ಲ. ಮೊದಲು ಇಂಜಿನ್ನಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕಿದೆ. ಆಮೇಲೆ ಎರಡು ಸೈಲೆನ್ಸರ್‌ಗಳ ಜಾಗಕ್ಕೆ ಎಕ್ಸ್‌ಪಾನ್ಶನ್ ಚೇಂಬರ್‌ಗಳು, ಅಂದರೆ ನಡುವೆ ಉಬ್ಬಿದ ಹೊಗೆಕೊಳವೆಗಳು, ಬಂದವು. ಟ್ಯಾಂಕಿಗೆ ಬೇರೆ ಬಣ್ಣ ಬಂತು. ಕೊನೆಗೆ, ಒಂದು ಮಳೆಗಾಲದಲ್ಲಿ, ಸಿಲಿಂಡರನ್ನು ಬಿಚ್ಚಿ, ಹೊಗೆ ಹೊರಹೋಗುವ ಕಿಂಡಿಯಾದ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದೂವರೆ ಮಿಲಿಮೀಟರ್ ಅರದಿಂದ ಉಜ್ಜಿ ಎತ್ತರಿಸಿದೆ.

ಮಾರಬೇಕೆಂದು ನಿರ್ಧರಿಸಿದ ರಾತ್ರಿ ನಿದ್ದೆ ಕೆಡಿಸಿದ್ದು ಆ ಒಂದೂವರೆ ಮಿಲಿಮೀಟರ್. ಉಳಿದದ್ದನ್ನೆಲ್ಲ ಹಿಂದಕ್ಕೆ ತರಬಹುದು. ಮೂಲ ಸೈಲೆನ್ಸರ್‌ಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಉಜ್ಜಿದ ಕಬ್ಬಿಣವನ್ನು ಮಾತ್ರ ಮರಳಿ ತುಂಬಿಸಲಾಗದು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕವಾಟಗಳ ಕೆಲಸವನ್ನು ಪಿಸ್ಟನ್ನೇ ಮಾಡುತ್ತದೆ: ಕೆಳಗಿಳಿಯುತ್ತ ಎಕ್ಸಾಸ್ಟ್ ಪೋರ್ಟ್ ತೆರೆಯುತ್ತದೆ, ಮೇಲೇರುತ್ತ ಮುಚ್ಚುತ್ತದೆ. ಮೇಲಂಚು ಎತ್ತರವಾದರೆ ಪೋರ್ಟ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ವೇಗದಲ್ಲಿ ಇಂಜಿನ್ ಹಗುರವಾಗಿ ಉಸಿರಾಡುತ್ತದೆ, ಚೇಂಬರಿನಿಂದ ಹಿಂತಿರುಗುವ ಒತ್ತಡದ ಅಲೆ ಹೊರಗೆ ಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಮರಳಿ ತಳ್ಳುತ್ತದೆ, ಗಾಡಿ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತವನ್ನು ನಾನು ಬಹಳ ಪ್ರೀತಿಸಿದೆ. ಅದಕ್ಕೆ ತೆತ್ತದ್ದು ಕೆಳವೇಗದ ಎಳೆತ. ಭಾರ ಹೊತ್ತು ನಿಧಾನವಾಗಿ ಏರು ಹತ್ತುವ, ಯೆಜ್ಡಿಗೇ ವಿಶೇಷವಾದ ಆ ತಾಳ್ಮೆ ಹೋಯಿತು.

ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಹಾಗಾಗಿ ಪತ್ರದಲ್ಲಿರುವ ಕಪ್ಪು ಬಣ್ಣವನ್ನೇ ಟ್ಯಾಂಕಿಗೆ ಮತ್ತೆ ಬಳಿಸಿದೆ, ಹಳೆಯ ಸೈಲೆನ್ಸರ್‌ಗಳನ್ನು ಕೂರಿಸಿದೆ. ಇಗ್ನಿಶನ್ ಹಾಗೆಯೇ ಇರಲಿ ಎಂದು ಬಿಟ್ಟೆ. ಮುಂದಿನ ಸವಾರ ರಾತ್ರಿ ರಸ್ತೆ ಬದಿಯಲ್ಲಿ ಕುಳಿತು ಪಾಯಿಂಟ್ ಉಜ್ಜುವುದು ಬೇಡ.

ಮೊದಲು ಬಂದವರಿಗೆ ಗಾಡಿ ಬೇಕಿರಲಿಲ್ಲ. ಸೈಲೆನ್ಸರ್, ಟ್ಯಾಂಕು, ಹೆಡ್‌ಲ್ಯಾಂಪ್ ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿ, ನಾನು ಕೇಳಿದ್ದಕ್ಕಿಂತ ಹೆಚ್ಚೇ ಕೊಡಲು ಮುಂದಾದರು. ನನಗೆ ಸಿಟ್ಟು ಬಂತು. ಓಡುವ ಗಾಡಿಯನ್ನು ಕಡಿದು ಹಂಚುವುದಕ್ಕೆ ನಾನು ಕೊಡುವುದಿಲ್ಲ ಎಂದು ಗೇಟಿನವರೆಗೂ ಹೋಗಿ ಕಳಿಸಿ ಬಂದೆ.

ಎರಡನೆಯವನು ಇಪ್ಪತ್ತೈದರ ಆಸುಪಾಸಿನ ಹುಡುಗ. ಬಣ್ಣವನ್ನು ನೋಡಲಿಲ್ಲ. ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಪತ್ರದೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಿದ. ಕ್ರ್ಯಾಂಕ್ ಸೀಲ್ ಯಾವಾಗ ಬದಲಿಸಿದಿರಿ, ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಎಷ್ಟನೆಯದು ಎಂದು ಕೇಳಿದ. ಮೂಲದಲ್ಲಿ 65 ಮಿಲಿಮೀಟರ್, ಈಗ 65.50 ಎಂದೆ. ಪೋರ್ಟಿನ ವಿಷಯ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಅವನೇ, ಒಂದು ಪೈಪ್ ಸಡಿಲಿಸಿ ಒಳಗೆ ನೋಡಬಹುದೇ ಎಂದ. ಮೊಬೈಲ್ ಬೆಳಕಿನಲ್ಲಿ ಬಹಳ ಹೊತ್ತು ನೋಡಿದ.

"ಅರದಲ್ಲೇ ಎತ್ತರಿಸಿದ್ದೀರಿ," ಎಂದ. "ಅಂಚನ್ನು ಮಾತ್ರ ಚೆನ್ನಾಗಿ ದುಂಡಾಗಿಸಿದ್ದೀರಿ, ಪಿಸ್ಟನ್ ರಿಂಗ್ ಸಿಕ್ಕಿಕೊಳ್ಳುವುದಿಲ್ಲ."

ಆ ಅಂಚಿಗೆ ನಾನು ಎರಡು ಭಾನುವಾರ ಕೊಟ್ಟಿದ್ದೆ. ಅದನ್ನು ಗಮನಿಸಿದ ಮೊದಲ ಮನುಷ್ಯ ಅವನು.

ಬೆಲೆಯ ಮಾತು ಐದು ನಿಮಿಷದಲ್ಲಿ ಮುಗಿಯಿತು. ಪೋರ್ಟಿನ ಲೆಕ್ಕದಲ್ಲಿ ನಾನೇ ಸ್ವಲ್ಪ ಇಳಿಸಿದೆ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿಗಳಾದವು. ಚೇಂಬರ್‌ಗಳನ್ನು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟೆ. ಕಾರ್ಬುರೇಟರಿಗೆ ಯಾವ ಜೆಟ್ ಯಾವಾಗ ಹಾಕಿದ್ದೆ, ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಯಾಕೆ ಎಂದೆಲ್ಲ ಬರೆದಿದ್ದ ನೋಟ್‌ಬುಕ್ ಕೊಡಲು ಮನಸ್ಸಿರಲಿಲ್ಲ. ಅವನು ಹೆಲ್ಮೆಟ್ ಹಾಕಿಕೊಳ್ಳುವಾಗ ಒಳಗೆ ಹೋಗಿ ತಂದುಕೊಟ್ಟೆ.

ಎರಡನೇ ಒದೆತಕ್ಕೆ ಇಂಜಿನ್ ಎದ್ದಿತು. ಎರಡನೇ ಗೇರಿಗೆ ಅವನು ತೀರ ಬೇಗ ಹಾಕಿದ. ಗಾಡಿ ಮುಗ್ಗರಿಸಿ ಗೊರಗೊರ ಎಂದಿತು. ಇನ್ನೂ ಸ್ವಲ್ಪ ಎಳೆಯಬೇಕು ಎಂದು ನಾನು ಗೇಟಿನಲ್ಲಿ ನಿಂತು ಗಟ್ಟಿಯಾಗಿ ಹೇಳಿದೆ, ಕೇಳಿಸುವಷ್ಟು ಹತ್ತಿರ ಅವನಿರಲಿಲ್ಲ. ತಿರುವು ದಾಟಿದ ಮೇಲೆ ಸದ್ದು ಏರುತ್ತಲೇ ಹೋಯಿತು, ನಾನು ಉಸಿರು ಹಿಡಿದೆ, ಸರಿಯಾದ ಜಾಗದಲ್ಲಿ ಮೂರನೇ ಗೇರ್ ಬಿತ್ತು.