ಗ್ವಾಚೊನ್‌ಗೆ ಬೆಳಿಗ್ಗೆ ಹೋಗಿ ಕತ್ತಲೆ ನೋಡಿದ ಕತೆ

ಟೀವಿ ಗೋಪುರ ನೋಡೋಕೆ ಕೊರಿಯಾವರೆಗೆ ಹೋದೆ ಅಂದರೆ ಮನೆಯಲ್ಲಿ ಈಗಲೂ ನಗುತ್ತಾರೆ. ಕಲಾವಿದ ನಾಮ್ ಜುನ್ ಪೈಕ್ 1988ರಲ್ಲಿ 1,003 ಟೀವಿಗಳನ್ನು ನಮ್ಮ ತೇರಿನ ಹಾಗೆ, ಕೆಳಗೆ ಅಗಲ ಮೇಲೆ ಕಿರಿದಾಗಿ ಪೇರಿಸಿದ ಕಲಾಕೃತಿ ಅದು. ಎತ್ತರ 18.5 ಮೀಟರ್. ಕೊರಿಯಾ ದೇಶ ಹುಟ್ಟಿದ ದಿನ ಅಂತ ಅವರು ಆಚರಿಸೋದು ಅಕ್ಟೋಬರ್ 3. ತಿಂಗಳು 10, ತಾರೀಕು 03, ಅದಕ್ಕೇ 1,003.

ಒಂದು ವಿಷಯ ತಲೆಯಲ್ಲಿರಲಿ. ಗೋಪುರ ಇಟ್ಟಿರುವ ರಾಷ್ಟ್ರೀಯ ಆಧುನಿಕ ಮತ್ತು ಸಮಕಾಲೀನ ಕಲಾ ಮ್ಯೂಸಿಯಂಗೆ ಹೆಸರು ಒಂದೇ, ಜಾಗ ನಾಲ್ಕು: ಗ್ವಾಚೊನ್, ದೊಕ್ಸುಗುಂಗ್ ಅರಮನೆ, ಸೋಲ್ (ರಾಜಧಾನಿ ಸಿಯೋಲ್), ಚೊಂಗ್ಜು. ಗೋಪುರ ಇರೋದು ಸೋಲ್ ಪಕ್ಕದ ಊರು ಗ್ವಾಚೊನ್‌ನಲ್ಲಿ. ಸೋಮವಾರ ರಜೆ.

ಮೆಟ್ರೋ 4ನೇ ಲೈನಿನಲ್ಲಿ ಸೋಲ್ ಗ್ರ್ಯಾಂಡ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿಯಬೇಕು. 4ನೇ ಗೇಟಿನ ಹತ್ತಿರದಿಂದ ಮ್ಯೂಸಿಯಂಗೆ ಉಚಿತ ಬಸ್ ಇದೆ. ನಾನು ಬೋರ್ಡ್ ನೋಡದೆ ಜನ ಹೋದ ಕಡೆ ಹೋದೆ. ಜನ ಹೊರಟಿದ್ದು ಮೃಗಾಲಯಕ್ಕೆ! ಬಿಸಿಲಲ್ಲಿ ಮಕ್ಕಳ ದಂಡಿನ ಜೊತೆ ಅರ್ಧ ಗಂಟೆ ಸುಮ್ನೆ ಸುತ್ತಿದೆ.

ಅಂತೂ ಒಳಗೆ ಹೋದರೆ ಗೋಪುರ ಪೂರ್ತಿ ಕಪ್ಪು. ಕರೆಂಟ್ ಹೋಗಿದೆ ಅಂದುಕೊಂಡೆ. ಕಾವಲಿಗಿದ್ದ ಹುಡುಗಿ ಒಂದು ಫಲಕ ತೋರಿಸಿದಳು. ಹಳೇ ಟ್ಯೂಬುಗಳು ಸುಟ್ಟುಹೋಗದಿರಲಿ ಅಂತ ಅದನ್ನು ಕೆಲವೇ ಗಂಟೆ ಹಚ್ಚುತ್ತಾರೆ, ಅದೂ ಮಧ್ಯಾಹ್ನ. 2018ರಲ್ಲಿ ನಿಂತುಹೋಗಿದ್ದನ್ನು ರಿಪೇರಿ ಮಾಡಿ 2022ರಲ್ಲಿ ಮತ್ತೆ ಶುರು ಮಾಡಿದ್ದಂತೆ. ಹೊರಡೋ ಮೊದಲು ಮ್ಯೂಸಿಯಂ ವೆಬ್‌ಸೈಟಿನಲ್ಲಿ ಆ ದಿನದ ಸಮಯ ನೋಡಿಕೊಳ್ಳಿ. ನಾನು ನೋಡಿರಲಿಲ್ಲ, ತಪ್ಪು ನನ್ನದೇ.

ಮೂರು ಗಂಟೆ ಕಾದೆ. ಆದರೆ ಬೇಜಾರಾಗಲಿಲ್ಲ. ಗೋಪುರದ ಸುತ್ತ ಸುರುಳಿಯಾಗಿ ಮೇಲೇರುವ ದಾರಿ ಇದೆ. ನಿಧಾನ ನಡೆದರೆ ಆರಿದ ಪರದೆಗಳ ಉಬ್ಬು ಗಾಜಿನಲ್ಲಿ ನಮ್ಮ ಮುಖ ಡೊಂಕಾಗಿ ಕಾಣುತ್ತದೆ, ಮನೆಯಲ್ಲಿದ್ದ ಹಳೇ ಡಯನೋರಾದಲ್ಲಿ ಕಾಣುತ್ತಿತ್ತಲ್ಲ, ಹಾಗೆ. ಹಚ್ಚಿದ ಮೇಲೆ ಮಾತ್ರ ನೂರಾರು ಚಿತ್ರ ಒಟ್ಟಿಗೆ ಓಡಿ ಕಣ್ಣು ಕುಕ್ಕುತ್ತದೆ. ನಿಜ ಹೇಳಲಾ? ಆರಿದ್ದಾಗಲೇ ನನಗೆ ಜಾಸ್ತಿ ಹಿಡಿಸಿತು.

ಸೋಲ್ ಶಾಖೆಗೆ ಬುಧವಾರ, ಶನಿವಾರ ಸಂಜೆ 6ರಿಂದ 9ರವರೆಗೆ ಉಚಿತ ಪ್ರವೇಶ. ಕಾಸು ಉಳಿಯುತ್ತೆ, ಆದರೆ ನಾನು ಹೋದ ಶನಿವಾರ ಗೋಡೆಗಿಂತ ಫೋನುಗಳೇ ಹೆಚ್ಚು ಕಂಡವು. ಜನಜಂಗುಳಿ ನನಗೆ ಆಗದು. ಅರ್ಧಕ್ಕೇ ಎದ್ದು ಬಂದೆ.

ಬಂದಿದ್ದು ಒಳ್ಳೆಯದೇ ಆಯಿತು. ಅನ್ಗುಕ್ ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಐದೇ ಮೇಜಿನ ಹೋಟೆಲು ಸಿಕ್ಕಿತು. ಅಲ್ಲಿ ಕೊಂಗುಕ್ಸು ತಿಂದೆ. ಸೋಯಾ ಕಾಳು ರುಬ್ಬಿದ ತಣ್ಣನೆ ಗಟ್ಟಿ ಹಾಲು, ಅದರಲ್ಲಿ ಶಾವಿಗೆ, ಮೇಲೆ ಸೌತೆಕಾಯಿ ಎಳೆ. ಕಾಯಿಹಾಲು ಒತ್ತುಶಾವಿಗೆ ತಿಂದು ಬೆಳೆದವನಿಗೆ ಇನ್ನೇನು ಬೇಕು! 10,000 ವಾನ್, ನಮ್ಮ ಆರುನೂರು ರೂಪಾಯಿ ಚಿಲ್ಲರೆ. ಸಸ್ಯಾಹಾರಿಗಳು ಪಕ್ಕದಲ್ಲಿಡುವ ಕಿಮ್ಚಿ (ಹುಳಿ ಬರಿಸಿದ ತರಕಾರಿ ಉಪ್ಪಿನಕಾಯಿ) ಮುಟ್ಟಬೇಡಿ, ಸಾಮಾನ್ಯವಾಗಿ ಅದರಲ್ಲಿ ಮೀನಿನ ರಸ ಇರುತ್ತದೆ. ಇದು ಬೇಸಿಗೆಯ ತಿಂಡಿ, ಚಳಿಗಾಲದಲ್ಲಿ ಹೋದರೆ ಸಿಗೋದು ಕಷ್ಟ.

ಹೋಟೆಲಿನ ಅಜ್ಜಿ ಉಪ್ಪಿನ ಡಬ್ಬಿ ಮುಂದಿಟ್ಟರು. ನಾನು ‘ಸೊಲ್ತಾಂಗ್’ ಅಂದೆ, ಸಕ್ಕರೆ. ಅವರು ‘ಜೊಲ್ಲಾ?’ ಅಂತ ಜೋರಾಗಿ ನಕ್ಕರು. ನೈರುತ್ಯದ ಜೊಲ್ಲಾ ಕಡೆಯವರು ಸಕ್ಕರೆ ಹಾಕಿಕೊಂಡು ತಿನ್ನುತ್ತಾರಂತೆ. ನಗುತ್ತಲೇ ಒಳಗೆ ಹೋಗಿ ತಂದುಕೊಟ್ಟರು.