ಟಿಕ್ ಟಿಕ್ ಅಂತಿದ್ದ ಹಾರ್ಡ್ ಡಿಸ್ಕು, ಏನೂ ತೋರಿಸದ ಫೋನು

ಮಗಳು ಹುಟ್ಟಿದ ದಿನದಿಂದ ತೆಗೆದ ಫೋಟೋ ವಿಡಿಯೋ ಎಲ್ಲಾ ನಾನು ಒಂದು 1 ಟಿಬಿ ಹಾರ್ಡ್ ಡಿಸ್ಕಲ್ಲಿ ಇಟ್ಕೊಂಡು ಬಂದಿದೀನಿ. ಪ್ರತಿ ಎರಡು ಮೂರು ತಿಂಗಳಿಗೆ ಒಂದ್ಸಲ ಫೋನಿಂದ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿಂದ ಡಿಸ್ಕಿಗೆ ಹಾಕೋದು ಅಭ್ಯಾಸ. ಹೋದ ತಿಂಗಳು ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಯ್ತು, ರಿಪೇರಿಗೆ ಕೊಟ್ಟೆ, ಅದು ವಾಪಸ್ ಬರೋ ಲಕ್ಷಣ ಇಲ್ಲ, ಇತ್ತ ಫೋನಲ್ಲಿ ಜಾಗ ಪೂರ್ತಿ ಭರ್ತಿ, ಕ್ಯಾಮೆರಾ ತೆಗೆದ್ರೆ ಸ್ಟೋರೇಜ್ ಫುಲ್ ಅಂತ ಬರ್ತಿದೆ. ಅದೇ ವಾರ ಅವಳು ಮೊದಲ ಹೆಜ್ಜೆ ಇಟ್ಟಳು. ಆ ವಿಡಿಯೋ ತೆಗೆಯೋಕೆ ಅವಸರದಲ್ಲಿ ಬೇರೆ ಏನೇನೋ ಡಿಲೀಟ್ ಮಾಡಿದೆ. ಹಿಂಗೆ ಆಗಬಾರದು, ಡಿಸ್ಕನ್ನ ನೇರ ಫೋನಿಗೇ ಹಾಕಿಬಿಡೋಣ ಅಂತ ಆವತ್ತೇ ಕೂತೆ.

ಸುಲಭ ಅಂದ್ಕೊಂಡಿದ್ದೆ. ಪೆನ್‌ಡ್ರೈವ್ ಹಾಕಿದ್ರೆ ಓಪನ್ ಆಗುತ್ತಲ್ಲ, ಹಂಗೇ ಇದೂ ಆಗುತ್ತೆ ಅಂತ. ಫೋನಿಗೆ ಪೆನ್‌ಡ್ರೈವ್, ಡಿಸ್ಕ್ ಹಾಕೋಕೆ ಬಳಸೋ ಟೈಪ್-ಸಿ ಓಟಿಜಿ ಅಡಾಪ್ಟರ್ ಇತ್ತು, ಅದಕ್ಕೆ ಡಿಸ್ಕಿನ ಕೇಬಲ್ ಸಿಕ್ಕಿಸಿ ಫೋನಿಗೆ ಹಾಕಿದೆ. ಡಿಸ್ಕಿನ ಲೈಟ್ ಬಂತು. ಫೋನಲ್ಲಿ ಏನೂ ಇಲ್ಲ. ಡಿಸ್ಕಿನ ಮೇಲೆ ಅಂಗೈ ಇಟ್ಟು ನೋಡಿದೆ, ಒಳಗಡೆ ತಟ್ಟೆ ತಿರುಗೋಕೆ ಶುರುವಾಗೋ ಸಣ್ಣ ನಡುಕ ಕೈಗೆ ತಾಗುತ್ತೆ, ನಡುಕ ಏರ್ತಾ ಏರ್ತಾ ಹೋಗಿ ಟಿಕ್ ಅಂತ ಶಬ್ದ ಬಂದು ನಿಂತುಬಿಡುತ್ತೆ, ಎರಡು ಸೆಕೆಂಡ್ ಬಿಟ್ಟು ಮತ್ತೆ ಶುರು, ಮತ್ತೆ ಟಿಕ್. ನನಗೆ ಎದೆ ಧಸಕ್ಕಂತು. ಡಿಸ್ಕ್ ಹೋಯ್ತು ಅಂತಾನೇ ಅನ್ಕೊಂಡೆ. ತಕ್ಷಣ ಕಿತ್ತು ಪಕ್ಕಕ್ಕಿಟ್ಟೆ.

ಡಿಸ್ಕ್ ಹೋಗಿರಲಿಲ್ಲ, ಅದಕ್ಕೆ ಕರೆಂಟ್ ಸಾಲ್ತಿರಲಿಲ್ಲ ಅಷ್ಟೇ. ಫೋನಿಗೆ ಹಾರ್ಡ್ ಡಿಸ್ಕ್ ಹಾಕಿದಾಗ ಕೆಲಸ ಮಾಡ್ಲಿಲ್ಲ ಅಂದ್ರೆ ಬಹುಪಾಲು ಎರಡೇ ಕಾರಣ, ಒಂದು ಪವರ್ರು, ಇನ್ನೊಂದು ಡಿಸ್ಕಿನ ಫಾರ್ಮ್ಯಾಟು. ಫೋನ್ ಹಳೇದು, ಕೇಬಲ್ ಸರಿ ಇಲ್ಲ, ಆಪ್ ಬೇರೆ ಹಾಕ್ಬೇಕು ಅಂತ ಜನ ಹೇಳೋದೆಲ್ಲ ಈ ಎರಡನ್ನೂ ನೋಡಿದ ಮೇಲೆ ನೋಡೋ ವಿಷಯ.

ಪವರ್ರಿಂದು ಸ್ವಲ್ಪ ಬಿಡಿಸಿ ಹೇಳ್ತೀನಿ. ಯುಎಸ್‌ಬಿ 2.0 ಪ್ರಕಾರ ಒಂದು ಪೋರ್ಟು 5 ವೋಲ್ಟಲ್ಲಿ 500 ಮಿಲಿ ಆಂಪ್ ಕೊಡುತ್ತೆ, ಅಂದ್ರೆ ಎರಡೂವರೆ ವ್ಯಾಟ್. 3.0 ಆದ್ರೆ 900 ಮಿಲಿ ಆಂಪ್, ನಾಲ್ಕೂವರೆ ವ್ಯಾಟ್. ಫೋನು ತನ್ನ ಬ್ಯಾಟರಿಯಿಂದಾನೇ ಕೊಡ್ಬೇಕಲ್ವಾ, ಹಂಗಾಗಿ ಎಷ್ಟೋ ಫೋನು ಕೈ ಬಿಗಿ ಹಿಡಿದೇ ಕೊಡುತ್ತೆ. ಪೆನ್‌ಡ್ರೈವಿಗೆ ಅಷ್ಟು ಧಾರಾಳ ಸಾಕು. ಆದ್ರೆ ಹಾರ್ಡ್ ಡಿಸ್ಕಲ್ಲಿ ಮೋಟರ್ ಇದೆ. ನಿಂತಿರೋ ತಟ್ಟೇನ ನಿಮಿಷಕ್ಕೆ 5400 ಸುತ್ತಿಗೆ ಏರಿಸೋ ಆ ಮೊದಲ ಕೆಲವು ಸೆಕೆಂಡಲ್ಲಿ ಅದು ಎಳೆಯೋ ಕರೆಂಟೇ ಜಾಸ್ತಿ, ಆ ಹೊತ್ತಲ್ಲಿ ಒಂದು ಆಂಪ್ ಹತ್ತಿರ ಕೇಳೋ ಡಿಸ್ಕುಗಳಿವೆ. ಒಂದ್ಸಲ ತಿರುಗೋಕೆ ಶುರುವಾದ್ರೆ ಆಮೇಲೆ ಕಮ್ಮಿ ಸಾಕು. ಎತ್ತಿನ ಗಾಡಿ ತರ, ಮೊದಲು ಕದಲಿಸೋದೇ ಕಷ್ಟ, ಕದಲಿದ ಮೇಲೆ ಉರುಳುತ್ತೆ. ಫೋನು ಆ ಮೊದಲ ದಮ್ಮು ಕೊಡಲಾರದೆ ವೋಲ್ಟೇಜ್ ಇಳಿಯುತ್ತೆ, ಡಿಸ್ಕು ಡೇಟಾ ಓದೋ ತಲೆಯನ್ನ ಒಳಗೆಳೆದು ಪಾರ್ಕ್ ಮಾಡಿ ನಿಲ್ಲುತ್ತೆ, ಮತ್ತೆ ಪ್ರಯತ್ನ ಮಾಡುತ್ತೆ. ನನಗೆ ಕೇಳಿಸಿದ ಟಿಕ್ ಅದೇ.

ಡಿಸ್ಕ್ ನಿಜವಾಗ್ಲೂ ಕೆಟ್ಟಿದ್ರೂ ಟಿಕ್ ಅನ್ನುತ್ತೆ, ಅದಕ್ಕೇ ಭಯ ಆಗೋದು. ಸುಮ್ನೆ ಮತ್ತೆ ಮತ್ತೆ ಫೋನಿಗೆ ಹಾಕಿ ಪರೀಕ್ಷೆ ಮಾಡ್ಬೇಡಿ. ಒಳ್ಳೆ ಪವರ್ ಇರೋ ಕಡೆ ಒಂದ್ಸಲ ಹಾಕಿ ನೋಡಿ, ಅಲ್ಲಿ ಸದ್ದಿಲ್ಲದೆ ತಿರುಗಿದ್ರೆ ಡಿಸ್ಕ್ ಚೆನ್ನಾಗಿದೆ. ಅಲ್ಲೂ ಟಿಕ್ ಟಿಕ್ ಅಂದ್ರೆ ಆಫ್ ಮಾಡಿ ಡೇಟಾ ರಿಕವರಿ ಮಾಡೋರ ಹತ್ರ ತಗೊಂಡು ಹೋಗಿ, ಮನೇಲಿ ಏನೂ ಪ್ರಯೋಗ ಬೇಡ.

ನನಗೆ ಪರಿಹಾರ ಆಗಿದ್ದು ಪವರ್ಡ್ ಹಬ್ಬು. ಹಬ್ಬು ಅಂದ್ರೆ ಒಂದು ಪೋರ್ಟನ್ನ ಹಲವು ಪೋರ್ಟ್ ಮಾಡೋ ಚಿಕ್ಕ ಡಬ್ಬಿ, ಪವರ್ಡ್ ಅಂದ್ರೆ ಆ ಹಬ್ಬಿಗೇ ಬೇರೆ ಚಾರ್ಜರ್ ಕನೆಕ್ಟ್ ಮಾಡೋಕೆ ಜಾಗ ಇರುತ್ತೆ, ಡಿಸ್ಕಿಗೆ ಬೇಕಾದ ಕರೆಂಟು ಚಾರ್ಜರಿಂದ ಬರುತ್ತೆ, ಫೋನು ಬರೀ ಡೇಟಾ ಮಾತಾಡುತ್ತೆ. ಟೈಪ್-ಸಿ ಹಬ್ಬಲ್ಲಿ ಪಿಡಿ (ಪವರ್ ಡೆಲಿವರಿ) ಅಂತ ಬರೆದಿರೋ ಪೋರ್ಟ್ ಇದ್ರೆ ಇನ್ನೂ ಒಳ್ಳೇದು, ಕಾಪಿ ಆಗ್ತಿರುವಾಗಲೇ ಫೋನೂ ಚಾರ್ಜ್ ಆಗುತ್ತೆ. ಹಳೇ ಮೈಕ್ರೋ ಯುಎಸ್‌ಬಿ ಫೋನುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇಲ್ಲ, ಅಲ್ಲಿ ಫೋನ್ ಪೂರ್ತಿ ಚಾರ್ಜ್ ಮಾಡ್ಕೊಂಡೇ ಕೂರ್ಬೇಕು. ಚಾರ್ಜರನ್ನ ಮೊದಲು ಹಬ್ಬಿಗೆ ಹಾಕಿ, ಡಿಸ್ಕು ತಿರುಗೋಕೆ ಶುರುವಾಗಿ ನಡುಕ ಒಂದೇ ಸಮ ಆದ ಮೇಲೆ ಫೋನಿಗೆ ಹಾಕೋದು ನನ್ನ ರೂಢಿ ಆಗಿದೆ ಈಗ.

ದೊಡ್ಡ ಡಿಸ್ಕು, ಅಂದ್ರೆ ಮೂರೂವರೆ ಇಂಚಿಂದು, ಅದಕ್ಕೆ 12 ವೋಲ್ಟಿನ ಅಡಾಪ್ಟರ್ ಜೊತೇಲೇ ಬಂದಿರುತ್ತೆ, ಹಂಗಾಗಿ ಅದು ಫೋನಿನ ಹತ್ರ ಕರೆಂಟ್ ಕೇಳೋದೇ ಇಲ್ಲ, ಪವರ್ ತೊಂದರೆ ಬರೋದು ಜೇಬಿಗೆ ಹೋಗೋ ಚಿಕ್ಕ ಡಿಸ್ಕುಗಳಿಗೇ. ಎಸ್‌ಎಸ್‌ಡಿ ಅಂದ್ರೆ ಚಿಪ್ಪಲ್ಲಿ ಡೇಟಾ ಇಡೋ ಡಿಸ್ಕು, ಅದರಲ್ಲಿ ಮೋಟರೇ ಇಲ್ಲ, ಬಹಳಷ್ಟು ಎಸ್‌ಎಸ್‌ಡಿ ಫೋನಿಗೆ ನೇರ ಹಾಕಿದ್ರೂ ನಡೆಯುತ್ತೆ. ಹೊಸದಾಗಿ ತಗೊಳ್ಳೋರು, ಅದೂ ಫೋನಿಗೇ ಅಂತ ತಗೊಳ್ಳೋರು, ಎಸ್‌ಎಸ್‌ಡಿ ತಗೊಳ್ಳಿ ಅಂತ ನಾನು ಗಟ್ಟಿಯಾಗೇ ಹೇಳ್ತೀನಿ. ಫೋನ್ ಕೈಲಿರುತ್ತೆ, ಕೇಬಲ್ ಎಳೆದಾಡುತ್ತೆ, ಡಿಸ್ಕ್ ಟೇಬಲ್ ಮೇಲಿಂದ ಜಾರುತ್ತೆ. ತಿರುಗೋ ಡಿಸ್ಕಲ್ಲಿ ಓದೋ ತಲೆ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲ್ತಿರುತ್ತೆ, ಓಡ್ತಿರುವಾಗ ಬಿದ್ರೆ ಮುಗೀತು.

ಹಬ್ಬು ಬಂತು, ಡಿಸ್ಕು ನೆಟ್ಟಗೆ ತಿರುಗ್ತು, ಫೋನಲ್ಲೂ ನೋಟಿಫಿಕೇಶನ್ ಬಂತು. ಖುಷಿಯಾಗಿ ಕೆಳಗೆಳೆದು ನೋಡಿದ್ರೆ, ಈ ಡ್ರೈವ್ ಸಪೋರ್ಟ್ ಆಗಲ್ಲ, ಸೆಟಪ್ ಮಾಡೋಕೆ ಒತ್ತಿ ಅನ್ನೋ ಅರ್ಥದ ಸಾಲು. ಸೆಟಪ್ ತಾನೇ ಅಂತ ಒತ್ತಿದೆ. ಮುಂದಿನ ಸ್ಕ್ರೀನಲ್ಲಿ ಫಾರ್ಮ್ಯಾಟ್ ಅಂತ ದೊಡ್ಡ ಬಟನ್ನು, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಎಲ್ಲಾ ಡೇಟಾ ಅಳಿಸಿಹೋಗುತ್ತೆ ಅಂತ. ಬೆರಳು ಅಲ್ಲೇ ಗಾಳೀಲಿ ನಿಲ್ತು. ಆ ಒಂದು ಬಟನ್ನಿನ ಹಿಂದೆ ಮಗು ಹುಟ್ಟಿದಾಗಿನಿಂದ ಇಲ್ಲಿವರೆಗಿನ ಅಷ್ಟೂ ಫೋಟೋ ಇತ್ತು. ಇದನ್ನ ಓದ್ತಿರೋರು ಬೇರೆಲ್ಲ ಮರೆತ್ರೂ ಪರ್ವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ: ಡೇಟಾ ಇರೋ ಡಿಸ್ಕ್ ಹಾಕಿದಾಗ ಫೋನು ಸೆಟಪ್ ಅಂದ್ರೆ ಅದು ಅಳಿಸ್ತೀನಿ ಅಂತಿದೆ. ಡಿಸ್ಕ್ ಕರಪ್ಟ್ ಆಗಿದೆ ಅಂತ ಬಂದ್ರೂ ಎಷ್ಟೋ ಸಲ ಡಿಸ್ಕ್ ಸರಿಯಾಗೇ ಇರಬಹುದು, ಫೋನಿಗೆ ಅದರ ಭಾಷೆ ಬರಲ್ಲ ಅಷ್ಟೇ. ಬ್ಯಾಕ್ ಒತ್ತಿ ಹೊರಗೆ ಬನ್ನಿ.

ಭಾಷೆ ಅಂದಿದ್ದು ಫೈಲ್ ಸಿಸ್ಟಮ್ಮು, ಮೊದಲು ಡಿಸ್ಕಿನ ಫಾರ್ಮ್ಯಾಟು ಅಂದೆನಲ್ಲ ಅದೇ, ಡಿಸ್ಕಲ್ಲಿ ಫೈಲುಗಳನ್ನ ಜೋಡಿಸಿಡೋ ಪದ್ಧತಿ. ನನ್ನ ಡಿಸ್ಕು ಎನ್‌ಟಿಎಫ್‌ಎಸ್ ಆಗಿತ್ತು, ವಿಂಡೋಸಲ್ಲಿ ಬಳಸೋರ ಡಿಸ್ಕು ಸುಮಾರಾಗಿ ಅದೇ ಇರುತ್ತೆ. ಆಂಡ್ರಾಯ್ಡ್ ಫೋನುಗಳು ಎಲ್ಲವೂ ಅದನ್ನ ಓದಲ್ಲ, ಕೆಲವು ಕಂಪನಿಗಳು ಮಾತ್ರ ತಾವೇ ಸೇರಿಸಿರ್ತವೆ, ಅದ್ರಲ್ಲೂ ಕೆಲವು ಓದುತ್ತೆ ಆದ್ರೆ ಬರೆಯಲ್ಲ. ಪ್ಯಾರಗಾನ್ ಅನ್ನೋ ಕಂಪನಿ ಬರೆದ ಎನ್‌ಟಿಎಫ್‌ಎಸ್ ಡ್ರೈವರ್ 2021ರಲ್ಲಿ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಅಂದ್ರೆ ಕರ್ನಲ್ 5.15ಕ್ಕೆ ಸೇರ್ತು, ಆಂಡ್ರಾಯ್ಡ್ ಒಳಗಿರೋದೂ ಲಿನಕ್ಸೇ, ಆದ್ರೂ ಕರ್ನಲ್ಲಿಗೆ ಬಂದ ಮಾತ್ರಕ್ಕೆ ಪ್ರತಿ ಫೋನಿಗೂ ಬಂದ ಹಾಗಲ್ಲ, ಫೋನ್ ಮಾಡೋರು ಅದನ್ನ ಆನ್ ಮಾಡಿರ್ಬೇಕು. ಫ್ಯಾಟ್32 ಎಲ್ಲಾ ಕಡೆ ನಡೆಯುತ್ತೆ, ಆದ್ರೆ ಒಂದು ಫೈಲು 4 ಜಿಬಿ ಮುಟ್ಟಿದ್ರೆ ತಗೊಳ್ಳಲ್ಲ. ಫೋರ್‌ಕೆ ವಿಡಿಯೋ ಅರ್ಧ ಗಂಟೆ ತೆಗೆದ್ರೆ 4 ಜಿಬಿ ದಾಟೋದು ಸಾಮಾನ್ಯ, ಹಾಗಾಗಿ ವಿಡಿಯೋ ಇಡೋರಿಗೆ ಅದು ಉಪಯೋಗ ಇಲ್ಲ. ಮಧ್ಯದ ದಾರಿ ಎಕ್ಸ್‌ಫ್ಯಾಟ್. ಮೈಕ್ರೋಸಾಫ್ಟ್ 2006ರಲ್ಲಿ ತಂದಿದ್ದು, ಎಷ್ಟೋ ವರ್ಷ ಲೈಸೆನ್ಸ್ ಅಂತ ಬೇರೆಯವರಿಗೆ ತೊಡಕಾಗಿತ್ತು, 2019ರಲ್ಲಿ ಅದರ ವಿವರಗಳನ್ನ ಅವರೇ ಎಲ್ಲರಿಗೂ ತೆರೆದಿಟ್ರು, ಆಮೇಲೆ ಲಿನಕ್ಸಲ್ಲೂ ಬಂತು. ವಿಂಡೋಸ್, ಮ್ಯಾಕ್, ಐಫೋನ್, ಈಚಿನ ಬಹುಪಾಲು ಆಂಡ್ರಾಯ್ಡ್ ಎಲ್ಲದರಲ್ಲೂ ಓದಬಹುದು, ಬರೆಯಬಹುದು.

ಎನ್‌ಟಿಎಫ್‌ಎಸ್ ಡಿಸ್ಕನ್ನ ಅಳಿಸದೆ ಎಕ್ಸ್‌ಫ್ಯಾಟ್ ಮಾಡೋಕೆ ವಿಂಡೋಸಲ್ಲೇ ಕೊಟ್ಟಿರೋ ದಾರಿ ಯಾವುದೂ ಇಲ್ಲ. ಎಲ್ಲಾ ಬೇರೆ ಕಡೆ ಕಾಪಿ ಮಾಡ್ಬೇಕು, ಫಾರ್ಮ್ಯಾಟ್ ಮಾಡ್ಬೇಕು, ವಾಪಸ್ ಹಾಕ್ಬೇಕು. ನಾನು ಗೆಳೆಯನ ಲ್ಯಾಪ್‌ಟಾಪ್ ಒಂದು ಇಡೀ ಭಾನುವಾರ ಕೇಳಿ ತಗೊಂಡು ಇದನ್ನೇ ಮಾಡಿದೆ. ಕಾಪಿ ಆದ ಮೇಲೆ ಫೋಲ್ಡರ್‌ಗಳ ಸೈಜು, ಫೈಲ್‌ಗಳ ಸಂಖ್ಯೆ ಎರಡೂ ಹೊಂದುತ್ತಾ ಅಂತ ನೋಡಿ, ಅಲ್ಲೊಂದು ಇಲ್ಲೊಂದು ಫೋಟೋ ತೆರೆದು ನೋಡಿ, ಆಮೇಲೇ ಫಾರ್ಮ್ಯಾಟ್ ಒತ್ತಿದ್ದು. ಒಂದು ಅನುಕೂಲವೂ ಆಯ್ತು, ಆ ಕಾಪಿಯನ್ನ ಅಳಿಸದೆ ಇನ್ನೊಂದು ಡಿಸ್ಕಿಗೆ ಹಾಕಿ ತಮ್ಮನ ಮನೇಲಿ ಇಟ್ಟೆ, ಇಷ್ಟು ದಿನ ಒಂದೇ ಡಿಸ್ಕ್ ನಂಬಿ ಕೂತಿದ್ದು ಈಗ ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ.

ಇನ್ನು ಕೇಬಲ್, ಸೆಟ್ಟಿಂಗ್ ಬಗ್ಗೆ. ಕೆಲವು ಬ್ರ್ಯಾಂಡಿನ ಫೋನಲ್ಲಿ ಓಟಿಜಿ ಅನ್ನೋ ಸ್ವಿಚ್ಚು ಸೆಟ್ಟಿಂಗ್ಸಲ್ಲಿ ಬೇರೆ ಇರುತ್ತೆ, ಅದನ್ನ ಆನ್ ಮಾಡ್ದೆ ಏನು ಹಾಕಿದ್ರೂ ಕಾಣಲ್ಲ. ಒನ್‌ಪ್ಲಸ್, ಒಪ್ಪೋ, ರಿಯಲ್‌ಮಿ ಇರೋರು ಇದನ್ನ ಮೊದಲು ನೋಡಿ, ಹತ್ತು ನಿಮಿಷ ಬಳಸ್ದೆ ಬಿಟ್ರೆ ತಾನಾಗೇ ಆಫ್ ಆಗುತ್ತೆ. ಮೈಕ್ರೋ ಯುಎಸ್‌ಬಿ ಕಾಲದಲ್ಲಿ ಓಟಿಜಿ ಕೇಬಲ್ಲೇ ಬೇರೆ, ಅದರ ಐದು ಪಿನ್ನಲ್ಲಿ ನಾಲ್ಕನೇದನ್ನ ಗ್ರೌಂಡಿಗೆ ಸೇರಿಸಿರ್ತಾರೆ, ಅದನ್ನ ನೋಡಿ ಫೋನು ಓಹೋ ನಾನಿಲ್ಲಿ ಕಂಪ್ಯೂಟರ್ ಪಾತ್ರ ಮಾಡ್ಬೇಕು ಅಂತ ತಿಳ್ಕೊಳ್ಳುತ್ತೆ. ಟೈಪ್-ಸಿ ಅಲ್ಲಿ ಆ ಕೆಲಸ ಸಿಸಿ ಅನ್ನೋ ಪಿನ್ನುಗಳದ್ದು.

ಸ್ಪೀಡ್ ಬಗ್ಗೆ ಬಹಳ ಜನ ಬೇಜಾರು ಮಾಡ್ಕೊಳ್ತಾರೆ. ಪೋರ್ಟು ಟೈಪ್-ಸಿ ಆಗಿದ್ದ ಮಾತ್ರಕ್ಕೆ ಒಳಗೆ ಯುಎಸ್‌ಬಿ 3 ಇರುತ್ತೆ ಅಂತಿಲ್ಲ, ಎಷ್ಟೋ ಫೋನಲ್ಲಿ 2.0 ಇದೆ, ಐಫೋನ್ 15ರಲ್ಲೂ ಪ್ರೋ ಅಲ್ಲದ ಮಾಡೆಲಲ್ಲಿ 2.0 ಇರೋದು. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಅಂದ್ರೆ 60 ಮೆಗಾಬೈಟ್, ಕೈಗೆ ಸಿಗೋದು ಮೂವತ್ತೈದರ ಆಸುಪಾಸು. ಹಂಗಾಗಿ 100 ಜಿಬಿ ಅಂದ್ರೆ ಮುಕ್ಕಾಲು ಗಂಟೆ ಮೇಲೇ ಆಗುತ್ತೆ, ಅಷ್ಟು ಹೊತ್ತು ಫೋನನ್ನ ಸುಮ್ನೆ ಟೇಬಲ್ ಮೇಲೆ ಬಿಡಿ. ಫೋನ್ ಜೊತೆ ಬರೋ ಚಾರ್ಜಿಂಗ್ ಕೇಬಲ್ಲೂ ಸಾಮಾನ್ಯವಾಗಿ 2.0 ದೇ, ಯುಎಸ್‌ಬಿ 3 ಫೋನಿಗೆ ಆ ಕೇಬಲ್ ಹಾಕಿದ್ರೆ ಅದೇ ಅಡ್ಡ ಬರುತ್ತೆ, ಡಿಸ್ಕಿನ ಜೊತೆ ಬಂದ ಕೇಬಲ್ಲನ್ನೇ ಬಳಸಿ.

ಐಫೋನ್ ಇರೋರಿಗೆ, 2019ರ ಐಒಎಸ್ 13ರಿಂದ ಫೈಲ್ಸ್ ಆಪಲ್ಲೇ ಡಿಸ್ಕ್ ಕಾಣುತ್ತೆ. ಐಫೋನ್ 15ರಿಂದ ಟೈಪ್-ಸಿ ಆದ್ದರಿಂದ ನೇರ ಹಾಕಬಹುದು, ಅದು ನಾಲ್ಕೂವರೆ ವ್ಯಾಟ್ ತನಕ ಕೊಡುತ್ತೆ. ಅದಕ್ಕಿಂತ ಹಳೇ ಲೈಟ್ನಿಂಗ್ ಫೋನಿಗೆ ಚಾರ್ಜರ್ ಸಿಕ್ಕಿಸೋ ಜಾಗ ಇರೋ ಅಡಾಪ್ಟರ್ ಬೇಕು. ಡಿಸ್ಕಲ್ಲಿ ಡೇಟಾ ಪಾರ್ಟಿಶನ್ (ಡಿಸ್ಕನ್ನ ಪಾಲು ಮಾಡಿದ ಭಾಗ) ಒಂದೇ ಇರ್ಬೇಕು ಅನ್ನೋದನ್ನ ಮರೀಬೇಡಿ.

ಕಾಪಿ ಮಾಡುವಾಗ ಕಟ್ ಬೇಡ, ಮೂವ್ ಬೇಡ, ಕಾಪಿ ಮಾತ್ರ. ಮಧ್ಯ ಕೇಬಲ್ ಅಲ್ಲಾಡಿ ಕಟ್ಟಾದ್ರೆ ಮೂಲ ಫೈಲು ಫೋನಲ್ಲಿ ಉಳಿದಿರುತ್ತೆ. ವಾಟ್ಸಾಪ್ ಫೋಟೋ ಹುಡುಕೋರು ಆಂಡ್ರಾಯ್ಡ್ ಫೋಲ್ಡರ್ ಒಳಗೆ ಮೀಡಿಯಾ ಫೋಲ್ಡರಲ್ಲಿ ನೋಡಿ, ಹೊಸ ಫೋನುಗಳಲ್ಲಿ ಅಲ್ಲಿರುತ್ತೆ. ಮುಗಿದ ಮೇಲೆ ನೋಟಿಫಿಕೇಶನಲ್ಲಿ ಇಜೆಕ್ಟ್ ಒತ್ತಿ, ಆಗಲೇ ಕೇಬಲ್ ಕೀಳಿ. ಕಾಪಿ ಮುಗೀತು ಅಂತ ಸ್ಕ್ರೀನಲ್ಲಿ ಬಂದ್ರೂ ಕೊನೇ ಒಂದಿಷ್ಟು ಡೇಟಾ ಇನ್ನೂ ಫೋನಿನ ಮೆಮೊರೀಲೇ ಇರಬಹುದು, ಇಜೆಕ್ಟ್ ಒತ್ತಿದಾಗ ಅದು ಡಿಸ್ಕಿಗೆ ಇಳಿಯುತ್ತೆ. ಎಕ್ಸ್‌ಫ್ಯಾಟಲ್ಲಿ ಎನ್‌ಟಿಎಫ್‌ಎಸ್ ತರ ಜರ್ನಲ್ (ಮಾಡೋ ಬದಲಾವಣೆಯನ್ನ ಮೊದಲೇ ಗುರುತು ಹಾಕ್ಕೊಳ್ಳೋ ದಾಖಲೆ) ಇಲ್ಲ, ಮಧ್ಯ ಕಿತ್ರೆ ಫೋಲ್ಡರೇ ಹಾಳಾಗೋ ಸಾಧ್ಯತೆ ಜಾಸ್ತಿ.

ನಿನ್ನೆ ರಾತ್ರಿ ಅವಳು ಮಲಗಿದ ಮೇಲೆ ಹಬ್ಬು, ಚಾರ್ಜರ್ರು, ಡಿಸ್ಕು ಎಲ್ಲಾ ಜೋಡಿಸಿ 43 ಜಿಬಿ ಕಾಪಿಗೆ ಹಾಕಿದೆ, ಇಪ್ಪತ್ತು ನಿಮಿಷ ಚಿಲ್ಲರೆ ಆಯ್ತು. ಇಜೆಕ್ಟ್ ಮಾಡಿ, ಕೇಬಲ್ ತೆಗೆದು, ಮತ್ತೆ ಹಾಕಿ, ಮೊದಲ ಹೆಜ್ಜೆ ವಿಡಿಯೋನ ಡಿಸ್ಕಿಂದಾನೇ ಓಪನ್ ಮಾಡಿದೆ. ಕುರ್ಚಿ ಬಿಟ್ಟು ಎರಡು ಹೆಜ್ಜೆ ಬಂದು ಧೊಪ್ ಅಂತ ಕೂತು ನಗೋವರೆಗೂ ಎಲ್ಲೂ ನಿಲ್ಲದೆ ಓಡ್ತು. ತಮ್ಮನ ಮನೇಲಿರೋ ಡಿಸ್ಕಿಗೂ ಹಾಕೋವರೆಗೆ ಆ ಒಂದು ವಿಡಿಯೋ ಫೋನಲ್ಲೂ ಇರಲಿ ಅಂತ ಬಿಟ್ಟು, ಬೇರೆ ಒಂದಷ್ಟು ಮಾತ್ರ ಅಳಿಸಿ ಜಾಗ ಮಾಡ್ಕೊಂಡೆ.